ಹಿಂದಿನ ಟೈರು ಮುಂದಕ್ಕೇಕೆ ಬಾರದು?

ಹಳೆಯ ಬಜಾಜ್ ಚೇತಕ್ ಸ್ಕೂಟರೊಂದು ಕಣ್ಣಿಗೆ ಬಿದ್ದರೆ ಅದರ ಟೈರುಗಳ ಪಕ್ಕವನ್ನು ಓದಿ ನೋಡಿ. ಮುಂದೆ 3.50-10, ಹಿಂದೆಯೂ 3.50-10. ಜೊತೆಗೆ ಕೊಂಡೊಯ್ಯುವ ಸ್ಟೆಪ್ನಿಯ ಮೇಲೂ ಅದೇ ಅಂಕಿ. ಯಾವ ಗಾಲಿ ಪಂಚರಾದರೂ ನಟ್ಟು ಬಿಚ್ಚಿ ಸ್ಟೆಪ್ನಿ ಹಾಕಿಕೊಂಡು ಊರು ಸೇರಬಹುದಿತ್ತು. 2021ರಲ್ಲಿ ಬಂದ ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350 ಮಾದರಿಯಲ್ಲಿ ಮುಂದೆ 100/90-19, ಹಿಂದೆ 120/80-18. ಇದಕ್ಕೆ ಸ್ಟೆಪ್ನಿ ಒಯ್ಯುವುದಾದರೆ ಎರಡು ಒಯ್ಯಬೇಕು!

ಈ ‘ಸ್ಟೆಪ್ನಿ’ ಎಂಬ ಪದ ಎಲ್ಲಿಂದ ಬಂತು? ವೇಲ್ಸ್‌ನ ಲನೆಲ್ಲಿ ಎಂಬ ಊರಿನ ಸ್ಟೆಪ್ನಿ ಬೀದಿಯಿಂದ. ಆಗಿನ ಕಾರುಗಳಿಗೆ ಹೆಚ್ಚುವರಿ ಗಾಲಿ ಕೊಡುತ್ತಿರಲಿಲ್ಲ. 1904ರಲ್ಲಿ ಡೇವಿಸ್ ಸಹೋದರರು, ಗಾಳಿ ತುಂಬಿದ ಟೈರಿರುವ, ಅರಗಳಿಲ್ಲದ ರಿಮ್ಮೊಂದನ್ನು ತಯಾರಿಸಿದರು. ಪಂಚರಾದ ಗಾಲಿಗೇ ಅದನ್ನು ಬಿಗಿದು ಮುಂದೆ ಸಾಗಬಹುದಿತ್ತು. ಬ್ರಿಟನ್ನಿನಲ್ಲಿ ಈ ಪದ ಹೆಚ್ಚುಕಡಿಮೆ ಮರೆತೇ ಹೋಗಿದೆ. ನಮ್ಮ ಲಾರಿ ಚಾಲಕರ ಬಾಯಲ್ಲಿ ಮಾತ್ರ ಇಂದಿಗೂ ಜೀವಂತವಾಗಿದೆ.

ಮುಂದಿನ ಗಾಲಿ ಒಂದು ಅಳತೆ, ಹಿಂದಿನದು ಇನ್ನೊಂದು ಅಳತೆ ಎಂಬುದು ರಬ್ಬರ್ ಟೈರಿಗಿಂತ ಹಳೆಯ ಸಂಗತಿ. ಮೈಸೂರಿನ ಸಾರೋಟುಗಳನ್ನು ಗಮನಿಸಿದವರಿಗೆ ಇದು ಗೊತ್ತು. ಸಾರೋಟಿನ ಮುಂದಿನ ಅಚ್ಚು ಇಡಿಯಾಗಿ ತಿರುಗುತ್ತದೆ. ಗಾಲಿ ದೊಡ್ಡದಾದರೆ ತಿರುವಿನಲ್ಲಿ ಗಾಡಿಯ ಮೈಗೇ ಹೊಡೆಯುತ್ತದೆ, ಆದ್ದರಿಂದ ಮುಂದಿನವು ಚಿಕ್ಕವು. ಹಳ್ಳ ದಿಣ್ಣೆ ದಾಟಲು ದೊಡ್ಡ ಗಾಲಿಯೇ ಸಲೀಸು, ಆದ್ದರಿಂದ ಹಿಂದಿನವು ದೊಡ್ಡವು. ಎರಡೇ ಗಾಲಿಯ ಜಟಕಾಕ್ಕೆ ಈ ತಾಪತ್ರಯವೇ ಇಲ್ಲ. ಅಚ್ಚನ್ನು ಅಲುಗಿಸದೆ ಎರಡು ಗಾಲಿಗಳನ್ನೂ ತಮ್ಮ ತಮ್ಮ ಗೂಟದ ಮೇಲೆ ತಿರುಗಿಸುವ ವಿಧಾನಕ್ಕೆ ಲಂಡನ್ನಿನಲ್ಲಿ ರುಡಾಲ್ಫ್ ಆಕರ್‌ಮನ್ 1818ರಲ್ಲಿ ಪೇಟೆಂಟ್ ಪಡೆದ. ಕಾರುಗಳ ನಾಲ್ಕೂ ಗಾಲಿಗಳು ಸಮನಾಗಲು ಅದು ದಾರಿ ಮಾಡಿತು.

ಬೈಸಿಕಲ್ಲಿನ ಕಥೆ ಇದಕ್ಕೆ ತಿರುಗುಮುರುಗು. 1870ರ ದಶಕದ ಸೈಕಲ್ಲಿನಲ್ಲಿ ಪೆಡಲು ಮುಂದಿನ ಗಾಲಿಗೇ ಅಂಟಿಕೊಂಡಿತ್ತು. ಪೆಡಲು ಒಂದು ಸುತ್ತು ತಿರುಗಿದರೆ ಗಾಲಿಯೂ ಒಂದೇ ಸುತ್ತು. ವೇಗ ಬೇಕೆಂದರೆ ಗಾಲಿಯನ್ನು ಆಳೆತ್ತರ ಬೆಳೆಸಬೇಕು. ಹಿಂದೆ ಆಧಾರಕ್ಕೊಂದು ಪುಟ್ಟ ಗಾಲಿ ಸಾಕು. 1885ರಲ್ಲಿ ಜಾನ್ ಕೆಂಪ್ ಸ್ಟಾರ್ಲಿ ತಂದ ರೋವರ್ ಸೈಕಲ್ ಚೈನಿನ ಮೂಲಕ ಹಿಂದಿನ ಗಾಲಿಯನ್ನು ಓಡಿಸಿತು. 1888ರಲ್ಲಿ ಡನ್‌ಲಪ್‌ನ ಗಾಳಿ ತುಂಬಿದ ಟೈರು ಬಂತು. ಎರಡೂ ಗಾಲಿಗಳು ಬಹುಮಟ್ಟಿಗೆ ಒಂದೇ ಅಳತೆಗೆ ಬಂದವು.

ಅಳತೆ ಒಂದಾದರೂ ಅಂಕಿಗಳ ಗೊಂದಲ ತಪ್ಪಲಿಲ್ಲ. ನಮ್ಮ ಹಳೆಯ ದೊಡ್ಡ ಸೈಕಲ್ಲಿನ ಟೈರಿನ ಮೇಲೆ 28×1½ ಎಂದಿರುತ್ತದೆ. ಈ 28 ಇಂಚು ರಿಮ್ಮಿನದಲ್ಲ, ಗಾಳಿ ತುಂಬಿದ ಟೈರಿನ ಒಟ್ಟು ಎತ್ತರದ್ದು. ರಿಮ್ಮಿನ ಮೇಲೆ ಟೈರು ಕೂರುವ ಜಾಗದ ವ್ಯಾಸ 635 ಮಿ.ಮೀ. ರೇಸ್ ಸೈಕಲ್ಲಿನ 700ಸಿ ಟೈರನ್ನೂ ಹಲವು ದೇಶಗಳಲ್ಲಿ 28 ಎಂದೇ ಕರೆಯುತ್ತಾರೆ. ಅದರ ವ್ಯಾಸ 622. ಹೆಸರು ಒಂದೇ, ಆದರೆ 13 ಮಿ.ಮೀ. ವ್ಯತ್ಯಾಸದಿಂದ ಒಂದು ಇನ್ನೊಂದಕ್ಕೆ ಕೂರದು.

ಮೋಟಾರ್ ಸೈಕಲ್ಲಿಗೆ ಬರೋಣ. ಹಳೆಯ ಬುಲೆಟ್‌ನಲ್ಲಿ ಮುಂದೆಯೂ ಹಿಂದೆಯೂ 3.25-19. ಅಂದರೆ ಟೈರಿನ ಅಗಲ 3.25 ಇಂಚು, ರಿಮ್ಮು 19 ಇಂಚು. ಆಗ ಅಗಲದಷ್ಟೇ ಎತ್ತರವೂ ಇರುತ್ತದೆಂದು ಹಿಡಿಯುತ್ತಿದ್ದರಿಂದ ಎತ್ತರವನ್ನು ಬೇರೆ ಬರೆಯುತ್ತಿರಲಿಲ್ಲ. ಟೈರುಗಳು ಅಗಲವಾಗಿ, ಕುಳ್ಳಾಗುತ್ತ ಬಂದಾಗ ಮೂರನೆಯ ಅಂಕಿ ಬೇಕಾಯಿತು. 120/80-18 ಎಂದರೆ ಅಗಲ 120 ಮಿ.ಮೀ., ಪಕ್ಕದ ಎತ್ತರ ಅದರ ಶೇ 80, ರಿಮ್ಮು 18 ಇಂಚು. ಮಿಲಿಮೀಟರ್, ಶೇಕಡ, ಇಂಚು ಎಲ್ಲ ಸೇರಿದ ಚಿತ್ರಾನ್ನ ಇದು. ಮಿಷಲಿನ್ ಕಂಪೆನಿ 1975ರಲ್ಲಿ ಟಿಆರ್‌ಎಕ್ಸ್ ಟೈರಿನೊಡನೆ ರಿಮ್ಮನ್ನೂ ಮಿಲಿಮೀಟರಿಗೆ ತರಲು ಹೊರಟಿತ್ತು, ಫಲಿಸಲಿಲ್ಲ.

ಮೊದಲು ಹೇಳಿದ ಕ್ಲಾಸಿಕ್‌ನ ಲೆಕ್ಕ ಮಾಡಿದರೆ ಮುಂದಿನ ಟೈರಿನ ಒಟ್ಟು ಎತ್ತರ ಸುಮಾರು 663 ಮಿ.ಮೀ., ಹಿಂದಿನದು 649. ನೋಟಕ್ಕೆ ದಪ್ಪಗಿರುವ ಹಿಂದಿನ ಟೈರೇ ಕುಳ್ಳು! ಎಂಜಿನ್ನಿನ ಎಳೆತ, ಹಿಂದೆ ಕೂತವರ ಭಾರ ಎರಡೂ ಅದರ ಮೇಲೆಯೇ ಬೀಳುವುದರಿಂದ ಅದಕ್ಕೆ ಅಗಲ ಬೇಕು. ಮುಂದಿನದು ಹಗುರವಾಗಿ ತಿರುಗಬೇಕು, ಗುಂಡಿ ದಾಟಬೇಕು. ಅದೇ ರಿಮ್ಮಿಗೆ 120/90-18 ಹಾಕಿಸಿದರೆ ಎತ್ತರ 24 ಮಿ.ಮೀ. ಹೆಚ್ಚುತ್ತದೆ. ಆ ಗಾಲಿಯಿಂದ ಲೆಕ್ಕ ಪಡೆಯುವ ಮೀಟರಾದರೆ, ಅದು ತೋರಿಸುವುದಕ್ಕಿಂತ ಶೇ 4ರ ಆಸುಪಾಸು ಹೆಚ್ಚು ವೇಗದಲ್ಲಿ ನೀವು ಹೋಗುತ್ತಿರುತ್ತೀರಿ.

ಅರ್ಧ ಇಂಚಿನ ವ್ಯತ್ಯಾಸ ಜೀವಕ್ಕೇ ಕುತ್ತಾದದ್ದುಂಟು. ಅಮೆರಿಕದಲ್ಲಿ ವ್ಯಾನು, ಸಣ್ಣ ಟ್ರಕ್ಕುಗಳಿಗೆ 16 ಇಂಚಿನ ರಿಮ್ಮಿನ ಜೊತೆಗೆ 16.5 ಇಂಚಿನದೂ ಬಳಕೆಯಲ್ಲಿತ್ತು. 16ರ ಟೈರು 16.5ರ ರಿಮ್ಮಿಗೆ ಏರುತ್ತದೆ, ಆದರೆ ಅಂಚು ಸರಿಯಾಗಿ ಕೂರುವುದಿಲ್ಲ. ಕೂರಲೆಂದು ಗಾಳಿ ಹೆಚ್ಚಿಸಿದಾಗ ಅಂಚಿನೊಳಗಿನ ಉಕ್ಕಿನ ತಂತಿ ತುಂಡಾಗಿ ಟೈರು ಸಿಡಿಯುತ್ತದೆ. ಹೀಗೆ ಗಾಯಗೊಂಡ ಮೆಕ್ಯಾನಿಕ್ ಒಬ್ಬನ ಮೊಕದ್ದಮೆ ಟೆಕ್ಸಾಸ್‌ನ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಯಿತು. ಟೈರಿನ ಮೇಲೆ ಎಚ್ಚರಿಕೆಯ ಚೀಟಿ ಅಂಟಿಸಿದ್ದರೂ, ಇನ್ನೂ ಸುರಕ್ಷಿತವಾದ ತಂತಿ ಬಳಸಲು ಸಾಧ್ಯವಿದ್ದಾಗ ಕಂಪೆನಿಯ ಹೊಣೆ ತಪ್ಪದು ಎಂದು 1998ರಲ್ಲಿ ತೀರ್ಪಾಯಿತು. ನಮ್ಮ ಹೆದ್ದಾರಿ ಬದಿಯ ಟೈರ್ ಅಂಗಡಿಗಳಲ್ಲಿ ಗಾಳಿ ತುಂಬುವಾಗ ಟೈರಿನ ಮೇಲೇ ಬಗ್ಗಿ ನಿಲ್ಲುವ ಹುಡುಗರಿಗೆ ಈ ಕಥೆಯನ್ನು ಯಾರಾದರೂ ಹೇಳಬೇಕು.

ರೈತರಿಗೆ ಈ ಲೆಕ್ಕ ತಟ್ಟುವುದು ಟ್ರ್ಯಾಕ್ಟರಿನಲ್ಲಿ. ಮುಂದೆ 6.00-16, ಹಿಂದೆ 13.6-28 ಎಂಬುದು ನಮ್ಮಲ್ಲಿ ತೀರ ಸಾಮಾನ್ಯವಾದ ಜೋಡಿ. ಎಂಜಿನ್ನು ಹಿಂದಿನ ಗಾಲಿಗಳನ್ನಷ್ಟೇ ಓಡಿಸುವವರೆಗೆ ಮುಂದಿನ ಟೈರು ತುಸು ಹೆಚ್ಚುಕಡಿಮೆಯಾದರೂ ನಡೆದೀತು. ನಾಲ್ಕೂ ಗಾಲಿಗೆ ಎಳೆತವಿರುವ ಟ್ರ್ಯಾಕ್ಟರಿನಲ್ಲಿ ಹಾಗಲ್ಲ. ಹಿಂದಿನದು ಒಂದು ಸುತ್ತು ತಿರುಗಿದಾಗ ಮುಂದಿನದು ಎಷ್ಟು ಸುತ್ತಬೇಕೆಂದು ಗೇರಿನಲ್ಲೇ ನಿಗದಿಯಾಗಿರುತ್ತದೆ. ಮುಂದಿನ ಟೈರು ಹಿಂದಿನದಕ್ಕಿಂತ ಶೇ 1ರಿಂದ 5ರಷ್ಟು ಮಾತ್ರ ಹೆಚ್ಚು ದೂರ ಉರುಳುವಂತಿರಬೇಕು. ಅಗ್ಗಕ್ಕೆ ಸಿಕ್ಕಿತೆಂದು ಬೇರೆ ಅಳತೆಯ ಟೈರು ಹಾಕಿಸಿದರೆ ಮುಂದಿನ ಮತ್ತು ಹಿಂದಿನ ಗಾಲಿಗಳು ಒಂದನ್ನೊಂದು ಎಳೆದಾಡುತ್ತವೆ. ಟೈರು ಬೇಗ ಸವೆಯುತ್ತದೆ, ಕೊನೆಗೆ ಗೇರಿಗೂ ಏಟು ಬೀಳುತ್ತದೆ. ಅನುಮಾನವಿದ್ದವರು ಟೈರಿಗೂ ನೆಲಕ್ಕೂ ಸೀಮೆಸುಣ್ಣದ ಗುರುತು ಹಾಕಿ, ಗಾಲಿಯನ್ನು ಹತ್ತು ಸುತ್ತು ಉರುಳಿಸಿ, ಹೋದ ದೂರವನ್ನು ಟೇಪಿನಲ್ಲಿ ಅಳೆದುಕೊಳ್ಳಬಹುದು. ಟೈರಿಗೆ ಗಾಳಿ ಸರಿಯಾಗಿರಬೇಕು ಅಷ್ಟೆ.