ಎಂಟು ಗೆರೆಯ ಚೌಕದಲ್ಲಿ ಮಳವಳ್ಳಿ

ಮಂಡ್ಯ, ಮದ್ದೂರು, ಮಳವಳ್ಳಿ: ಮೂರೂ ಹೆಸರುಗಳಲ್ಲಿ ಒತ್ತಕ್ಷರವಿದೆ. ‘ಡ್ಯ’ದ ಒತ್ತು ಬಲಕ್ಕೆ ಇಳಿಯುತ್ತದೆ, ‘ದ್ದೂ’ವಿನಲ್ಲಿ ಒತ್ತು ಕೆಳಗೆ, ಕೊಂಬು ಪಕ್ಕಕ್ಕೆ, ‘ಳ್ಳಿ’ಗಂತೂ ಮೇಲೆ ಗುಡಿಸು, ಕೆಳಗೆ ಒತ್ತು, ನಡುವೆ ಅಕ್ಷರದ ಮೈ. ಅಚ್ಚುಮೊಳೆ ಜೋಡಿಸುವವರಿಗೆ ಇದು ದಿನನಿತ್ಯದ ಕೆಲಸವಾಗಿತ್ತು. 1980ರ ದಶಕದ ಎಂಟು ಬಿಟ್‌ನ ಮನೆ ಕಂಪ್ಯೂಟರುಗಳಿಗೆ ಮಾತ್ರ ಒಗ್ಗಲಿಲ್ಲ. ಕನ್ನಡ ತೋರಿಸುವಷ್ಟು ತ್ರಾಣ ಆ ಯಂತ್ರಗಳಿಗೆ ಇರಲಿಲ್ಲ ಎಂದು ಸಾಮಾನ್ಯವಾಗಿ ಹೇಳುತ್ತಾರೆ. ನಾನು ಇದನ್ನು ಒಪ್ಪುವುದಿಲ್ಲ. ತ್ರಾಣ ಇತ್ತು, ಕನ್ನಡವನ್ನು ಚಿತ್ರವಾಗಿ ಬಿಡಿಸಲು ಅವುಗಳಿಗೆ ಬರುತ್ತಿತ್ತು, ಬರಹವಾಗಿ ಹಿಡಿದಿಡಲು ಬರುತ್ತಿರಲಿಲ್ಲ.

ಭಾರತದ ಶಾಲೆಗಳಿಗೆ ಬಂದ ಯಂತ್ರವನ್ನೇ ನೋಡಿ. 1984ರಲ್ಲಿ ಕೇಂದ್ರ ಸರ್ಕಾರದ ‘ಕ್ಲಾಸ್’ ಯೋಜನೆ ಸುಮಾರು 250 ಶಾಲೆಗಳಿಗೆ ಕೊಟ್ಟದ್ದು ಬ್ರಿಟನ್ನಿನ ಏಕಾರ್ನ್ ಕಂಪನಿಯ ಬಿಬಿಸಿ ಮೈಕ್ರೊ. ಅದರ ಬಿ ಮಾದರಿಯಲ್ಲಿ 32 ಕೆಬಿ ಮೆಮೊರಿ, ಎಂಟು ಬಗೆಯ ಪರದೆ (ಮೋಡ್). ಸ್ವಿಚ್ ಹಾಕಿದೊಡನೆ ಕಾಣುವುದು ಮೋಡ್ 7: ಟಿವಿಯಲ್ಲಿ ಬರಹದ ಪುಟ ತೋರಿಸುವ ಟೆಲಿಟೆಕ್ಸ್ಟ್‌ಗೆಂದು ತಯಾರಾದ ಎಸ್‌ಎಎ5050 ಚಿಪ್ಪಿನ ಪರದೆ. ಇಡೀ ಪುಟಕ್ಕೆ 1 ಕೆಬಿ ಸಾಕು. ಆದರೆ ಅಕ್ಷರಗಳ ಆಕಾರ ಚಿಪ್ಪಿನೊಳಗೇ ಅಚ್ಚಾಗಿರುವುದರಿಂದ ಅಲ್ಲಿ ಕನ್ನಡದ ಮಾತೇ ಇಲ್ಲ. ಉಳಿದ ಮೋಡ್‌ಗಳ ಕಥೆ ಬೇರೆ. ಅವುಗಳಲ್ಲಿ ಒಂದು ಅಕ್ಷರಕ್ಕೆ ಎಂಟು ಚುಕ್ಕಿ ಅಗಲ, ಎಂಟು ಗೆರೆ ಎತ್ತರದ ಚೌಕ. ವಿಡಿಯು 23 ಎಂಬ ಆದೇಶ ಕೊಟ್ಟು ಎಂಟು ಅಂಕಿ ಬರೆದರೆ ಚೌಕದ ಆಕಾರವನ್ನು ನಾವೇ ನಿರ್ಧರಿಸಬಹುದು. ‘ಳ್ಳಿ’ಯನ್ನು ಅದರಲ್ಲಿ ತುರುಕಿ ನೋಡಿ: ಗುಡಿಸಿಗೆ ಎರಡು ಗೆರೆ, ಒತ್ತಿಗೆ ಮೂರು, ಕೆಳಗಿನ ಸಾಲಿಗೆ ತಾಗದಂತೆ ಒಂದು ಖಾಲಿ, ಮೈಗೆ ಉಳಿಯುವುದು ಎರಡೇ ಗೆರೆ. ಓದಲಾಗದು. ನಾಲ್ಕು ಚೌಕ ಸೇರಿಸಿ 16 ಚುಕ್ಕಿಗೆ 16 ಗೆರೆ ಮಾಡಿದರೋ, ಸಲೀಸಾಗಿ ಕೂರುತ್ತದೆ. ಮೋಡ್ 4ರ ಪರದೆಯಲ್ಲಿ 320 ಚುಕ್ಕಿ, 256 ಗೆರೆ. ಸಾಲಿಗೆ 20 ಅಕ್ಷರದಂತೆ 16 ಸಾಲು ಕನ್ನಡ ಹಿಡಿಸುವಷ್ಟು ಜಾಗ ಅದು. ಮಕ್ಕಳ ಪಾಠಕ್ಕೆ ಧಾರಾಳ. ಇನ್ನೂ ಸ್ವಾರಸ್ಯದ ಸಂಗತಿಯೆಂದರೆ, ಪರದೆಯ ಗೆರೆಗಳನ್ನು ಎಣಿಸುವ 6845 ಚಿಪ್ 32 ಗೆರೆ ಎತ್ತರದ ಸಾಲನ್ನೂ ನಿಭಾಯಿಸುತ್ತದೆ. ಎಂಟಕ್ಕೆ ನಿಲ್ಲಿಸಿದ್ದು ಏಕಾರ್ನ್ ಎಂಜಿನಿಯರರ ಜೋಡಣೆ. ಇಂಗ್ಲಿಷಿಗೆ ಅಷ್ಟು ಸಾಕು, ಮೆಮೊರಿಯೂ ಉಳಿಯುತ್ತದೆ, ಅವರನ್ನು ದೂರುವಂತಿಲ್ಲ.

ಮೆಮೊರಿಯೇ ತೊಡಕಾಗಿತ್ತಲ್ಲ ಎಂದು ಕೇಳಬಹುದು. ಆಕ್ಷೇಪ ಹಗುರವಾದುದಲ್ಲ. ಮೋಡ್ 4 ಹತ್ತು ಕೆಬಿ ನುಂಗುತ್ತದೆ; ಸ್ವಂತ ಆಕಾರಗಳಿಗೆಂದು ಯಂತ್ರ ಮೀಸಲಿಟ್ಟದ್ದು 32 ಚೌಕ, ಅಂದರೆ ಎಂಟೇ ಕನ್ನಡ ಅಕ್ಷರ. ಕಾಗುಣಿತ, ಒತ್ತು ಎಲ್ಲ ಸೇರಿದರೆ ಆಕಾರಗಳು ಸಾವಿರಗಟ್ಟಲೆ. ಆದರೆ ಮುದ್ರಣಾಲಯದವರು ಸಾವಿರಾರು ಆಕಾರಗಳನ್ನು ಒಂದೊಂದಾಗಿ ಎರಕ ಹೊಯ್ಯಲಿಲ್ಲ; ಮೈ ಬೇರೆ, ಒತ್ತು ಬೇರೆ ಇಟ್ಟುಕೊಂಡು ಜೋಡಿಸಿದರು. ಅದೇ ದಾರಿಯಲ್ಲಿ 200 ಬಿಡಿಭಾಗ ಇಟ್ಟುಕೊಂಡರೂ, ಒಂದಕ್ಕೆ 32 ಬೈಟ್‌ನಂತೆ, ಏಳು ಕೆಬಿ ದಾಟುವುದಿಲ್ಲ. ಬಿಬಿಸಿ ಮೈಕ್ರೊದಲ್ಲಿ ಈ ಭಾಗಗಳನ್ನು ಇಡಬಲ್ಲ 16 ಕೆಬಿಯ ರೋಮ್ (ROM) ಚಿಪ್ ಸಿಕ್ಕಿಸುವ ಸಾಕೆಟ್‌ಗಳೇ ಇದ್ದವು. ಜಪಾನಿನವರು ಮಾಡಿದ್ದೂ ಇದನ್ನೇ: ಸರಳವಾದ ಕತಕಾನ ಲಿಪಿಯನ್ನು ಸಣ್ಣ ಚೌಕದಲ್ಲಿ ಕೂರಿಸಿ, ಜಟಿಲವಾದ ಕಾಂಜಿ ಲಿಪಿಗೆ 16 ಗೆರೆಯ ಆಕಾರಗಳ ಪ್ರತ್ಯೇಕ ರೋಮ್ ಇಟ್ಟರು.

ನಿಜವಾದ ಕೊರತೆ ಇನ್ನೊಂದು ಕಡೆ ಇತ್ತು. ನಾಲ್ಕು ಚೌಕ ಜೋಡಿಸಿ ಬಿಡಿಸಿದ ‘ಳ್ಳಿ’ ನೋಡುವವರಿಗೆ ಅಕ್ಷರ, ಯಂತ್ರಕ್ಕೆ ಸಂಬಂಧವಿಲ್ಲದ ನಾಲ್ಕು ಸಂಖ್ಯೆ. ಅಳಿಸಹೋದರೆ ಕಾಲು ಭಾಗ ಅಳಿಯುತ್ತದೆ. ಹುಡುಕಲಾಗದು, ಅಕಾರಾದಿಯಾಗಿ ಜೋಡಿಸಲಾಗದು. ಒಂದು ಸಂಕೇತಕ್ಕೆ ಒಂದೇ ಆಕಾರ, ಒಂದೇ ಚೌಕ ಎಂಬ ಗಂಟು ಬಿಚ್ಚಬೇಕಿತ್ತು. ಐಐಟಿ ಕಾನ್ಪುರದಲ್ಲಿ ಮೊದಲಾಗಿ ಪುಣೆಯ ಸಿ-ಡ್ಯಾಕ್‌ನಲ್ಲಿ ಬೆಳೆದ ಜಿಸ್ಟ್ ತಂತ್ರಜ್ಞಾನ ಅದನ್ನು ಬಿಚ್ಚಿತು: ಮೆಮೊರಿಯಲ್ಲಿ ಉಚ್ಚಾರದ ಕ್ರಮದ ಸಂಕೇತ, ಪರದೆಯಲ್ಲಿ ಅದರಿಂದ ಕಟ್ಟಿದ ಆಕಾರ. ಸಂಕೇತಗಳ ಇಸ್ಕಿ ಪದ್ಧತಿ 1991ರಲ್ಲಿ ರಾಷ್ಟ್ರೀಯ ಮಾನಕವಾಯಿತು.

ಶಾಲೆಗಳಲ್ಲಿ ಕಲಿಸುತ್ತಿದ್ದುದು ಇಂಗ್ಲಿಷಿನ ಬೇಸಿಕ್ ಭಾಷೆ, ಕನ್ನಡವನ್ನು ಕೇಳಿದವರು ಯಾರು ಎನ್ನುವವರಿಗೆ ಉತ್ತರ ಶಾಲೆಯಲ್ಲಿ ಸಿಗುವುದಿಲ್ಲ, ತಾಲ್ಲೂಕು ಕಚೇರಿಯಲ್ಲಿ ಸಿಗುತ್ತದೆ. ರೈತರ ಪಹಣಿ ಕನ್ನಡದಲ್ಲಿತ್ತು; ಊರಿನ ಹೆಸರು, ಹಿಡುವಳಿದಾರನ ಹೆಸರು ಒತ್ತು ತಪ್ಪದೆ ದಾಖಲಾಗಬೇಕಿತ್ತು. 1990ರ ದಶಕದ ಕೊನೆಯಲ್ಲಿ ಪಹಣಿಗಳನ್ನು ಗಣಕೀಕರಿಸುವ ‘ಭೂಮಿ’ ಯೋಜನೆ ಮೊದಲು ಪ್ರಯೋಗಕ್ಕೆ ಬಂದದ್ದು ಮದ್ದೂರು ತಾಲ್ಲೂಕಿನಲ್ಲಿ, ಕನ್ನಡಕ್ಕೆ ಬಳಸಿದ್ದು ಸಿ-ಡ್ಯಾಕ್‌ನ ಜಿಸ್ಟ್ ತಂತ್ರಾಂಶವನ್ನೇ. ಮುಂದೆ ರಾಜ್ಯದ ಸುಮಾರು 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಏರಿದವು, ಕೈಬರಹದ ಪಹಣಿಗೆ ಮಾನ್ಯತೆ ಹೋಯಿತು.