ಎಲೆಕ್ಟ್ರಿಕ್ ಕಾರು ಬೆಳಗ್ಗೆ ಬಿಸಿ ಮಾಡ್ಬೇಕಾ? ನಮ್ಮ ಚಳಿಗೆ ಬೇಕಿಲ್ಲ, ಘಾಟಿ ಇಳಿಯೋರು ಇದನ್ನು ಗಮನಿಸಿ

ಚಿಕ್ಕಮಗಳೂರು: ಚಳಿಗಾಲದ ಬೆಳಗ್ಗೆ ಪೆಟ್ರೋಲ್, ಡೀಸೆಲ್ ಗಾಡಿ ಸ್ಟಾರ್ಟ್ ಮಾಡಿ ಐದು ನಿಮಿಷ ಹಾಗೇ ಬಿಡೋದು ಹಳೇ ರೂಢಿ. ಎಲೆಕ್ಟ್ರಿಕ್ ಕಾರು ತಗೊಂಡವರೂ ಅದನ್ನೇ ಮಾಡ್ತಾರೆ. ಆದರೆ 14–15 ಡಿಗ್ರಿ ಚಳಿಗೆ ಇದರ ಅಗತ್ಯವೇ ಇಲ್ಲ.

ಯಾಕೆ ಬೇಡ?
ಎಂಜಿನ್‌ನಲ್ಲಿ ತಣ್ಣಗಾದ ಆಯಿಲ್ ಎಲ್ಲಾ ಕಡೆ ಹರಿಯಬೇಕು. ಎಲೆಕ್ಟ್ರಿಕ್ ಮೋಟಾರಿಗೆ ಆ ಕಾಯುವಿಕೆ ಇಲ್ಲ, ಆನ್ ಮಾಡಿದ ಕೂಡಲೇ ಹೊರಡಬಹುದು. ಲಿಥಿಯಂ ಬ್ಯಾಟರಿಗೆ ನಿಜವಾದ ತೊಂದರೆ ಸೊನ್ನೆ ಡಿಗ್ರಿ ಆಸುಪಾಸಿನಲ್ಲಿ. ನಾರ್ವೆಯಂಥ ದೇಶಗಳಲ್ಲಿ ಚಾರ್ಜರ್ ಹಾಕಿಟ್ಟೇ ಕಾರು ಬಿಸಿ ಮಾಡೋದು ಅದಕ್ಕೆ. ನಮ್ಮಲ್ಲಿ ಓಡ್ತಾ ಓಡ್ತಾ ಬ್ಯಾಟರಿ ತಾನೇ ಹದಕ್ಕೆ ಬರುತ್ತೆ.

ನಷ್ಟ ಎಷ್ಟು?
2 ಕಿಲೋವ್ಯಾಟ್ ಹೀಟರ್ 10 ನಿಮಿಷ ಉರಿದರೆ ಮೂರನೇ ಒಂದು ಯೂನಿಟ್ ಕರೆಂಟ್ ಹೋಗುತ್ತೆ. ಯೂನಿಟ್‌ಗೆ 6–7 ಕಿ.ಮೀ. ಓಡೋ ಕಾರಿಗೆ ಅದು ಸುಮಾರು 2 ಕಿ.ಮೀ. ದೂರ. ಗಾಜಿಗೆ ಮಂಜು ಕಟ್ಟಿದ್ದರೆ ಡಿಫಾಗರ್ ಜೊತೆ ಎಸಿ ಹಾಕಿದರೆ ಸಾಕು.

ಸದ್ದಿಲ್ಲ ಅಂತ ಬಿಟ್ಟು ಹೋಗಬೇಡಿ
'ರೆಡಿ' ದೀಪ ಉರೀತಿದ್ದರೆ ಗಾಡಿ ಹೊರಡಲು ಸಿದ್ಧ ಅಂತ ಅರ್ಥ. ಎಂಜಿನ್ ಸದ್ದು ಇಲ್ಲದ ಕಾರಣ ಆಫ್ ಆಗಿದೆ ಅಂದ್ಕೊಂಡು ಮಕ್ಕಳು ಒಳಗೆ ಕೂರಬಹುದು. ಅಂಗಡಿ ಮುಂದೆ ಸರಕು ಇಳಿಸುವಾಗ ಎಲೆಕ್ಟ್ರಿಕ್ ಆಟೋದವರೂ ಆಫ್ ಮಾಡಿ, ಕೀ ತೆಗೆದು, ಹ್ಯಾಂಡ್‌ಬ್ರೇಕ್ ಹಾಕಿಯೇ ಇಳಿಯಬೇಕು.

ಚಾರ್ಮಾಡಿ ಇಳಿಯೋರಿಗೆ
ಆಕ್ಸಿಲರೇಟರ್‌ನಿಂದ ಕಾಲು ತೆಗೆದಾಗ ಮೋಟಾರೇ ಗಾಡಿಯನ್ನು ತಡೆದು, ಆ ಶಕ್ತಿಯನ್ನು ಬ್ಯಾಟರಿಗೆ ತುಂಬುತ್ತೆ. ಇದಕ್ಕೆ ರೀಜೆನ್ ಅಂತಾರೆ. ಬ್ಯಾಟರಿ 100% ತುಂಬಿದ್ದರೆ ಕರೆಂಟ್ ಹಾಕೋಕೆ ಜಾಗವೇ ಇರಲ್ಲ, ಹಾಗಾಗಿ ಈ ತಡೆ ಕಮ್ಮಿಯಾಗುತ್ತೆ ಇಲ್ಲವೇ ಸಿಗೋದೇ ಇಲ್ಲ. ಆಗ ಪೂರ್ತಿ ಭಾರ ಕಾಲಿನ ಬ್ರೇಕ್ ಮೇಲೆ. ಉದ್ದ ಇಳಿಜಾರಿನಲ್ಲಿ ಬ್ರೇಕ್ ಕಾದು ಹಿಡಿತ ತಪ್ಪುವ ಅಪಾಯ ಇದೆ. ಮೂಡಿಗೆರೆ, ಕೊಟ್ಟಿಗೆಹಾರ ಕಡೆ ರಾತ್ರಿ ಚಾರ್ಜ್ ಹಾಕಿ ಬೆಳಗ್ಗೆ ಘಾಟಿ ಇಳಿಯೋರು 85–90 ಪರ್ಸೆಂಟ್‌ಗೆ ನಿಲ್ಲಿಸೋದು ಒಳ್ಳೇದು. ಹೊರಟ ಮೇಲೆ ಮೊದಲ ತಿರುವಿಗೆ ಮುಂಚೆಯೇ ನಿಧಾನಕ್ಕೆ ಬ್ರೇಕ್ ಒತ್ತಿ ಹಿಡಿತ ನೋಡ್ಕೊಳ್ಳಿ.