ಗಂಗಾಳದ ಅಂಚಿನ ಉಪ್ಪು

ಸುರಪುರ ಸೀಮೆಯ ಮುದನೂರು ಜೇಡರ ದಾಸಿಮಯ್ಯನ ಊರು. ಬಸವಣ್ಣನಿಗಿಂತ ಹಿಂದಿನ ವಚನಕಾರ, ಕಸುಬಿನಿಂದ ನೇಕಾರ. ಅವನ ಮದುವೆಯ ಕಥೆಯನ್ನು ನಮ್ಮ ಕಡೆ ಹಿರಿಯರು ಈಗಲೂ ಹೇಳುತ್ತಾರೆ. ಉಸುಕು ಬೆರೆಸಿದ ಅಕ್ಕಿ, ಜೊತೆಗೆ ಕಬ್ಬು ಕೊಟ್ಟು, ನೀರು ಮುಟ್ಟದೆ, ಕಟ್ಟಿಗೆ ಉರಿಸದೆ ಪಾಯಸ ಮಾಡಿಕೊಡುವ ಹೆಣ್ಣನ್ನೇ ಲಗ್ನವಾಗುತ್ತೇನೆಂದು ಆತ ಪಣ ತೊಟ್ಟನಂತೆ. ದುಗ್ಗಳೆ ಅಕ್ಕಿಯಿಂದ ಉಸುಕು ಬೇರ್ಪಡಿಸಿದಳು, ಕಬ್ಬು ಹಿಂಡಿ ಹಾಲು ತೆಗೆದಳು, ಒಣಗಿದ ಸಿಪ್ಪೆಯನ್ನೇ ಒಲೆಗಿಟ್ಟು ಪಾಯಸ ಇಳಿಸಿದಳು. ಪರೀಕ್ಷೆ ಪಾಸಾಯಿತು. ಕಥೆಯಲ್ಲಿ ಗಂಡು ಉಂಡು ಮೆಚ್ಚುತ್ತಾನೆ. ಒಲೆಯ ಮುಂದೆ ಕುಳಿತವಳು ಇಳಿಸುವ ಮೊದಲು ಒಂದು ಹನಿ ನಾಲಗೆಗಿಟ್ಟು ನೋಡಿದಳೇ ಎಂದು ಯಾರೂ ಕೇಳುವುದಿಲ್ಲ.

ನನಗೆ ಬೇಕಾಗಿರುವುದು ಆ ಪ್ರಶ್ನೆಯೇ. ಬೇರೆಯವರು ಮಾಡಿದ ಅಡುಗೆಗೆ ಉಣ್ಣುವವನು ತಾನೇ ಉಪ್ಪು ಖಾರ ಹಾಕಿಕೊಂಡರೆ ಅದು ಅವಮಾನವೋ ಅಲ್ಲವೋ ಎಂಬ ಚರ್ಚೆ ಪಾಶ್ಚಾತ್ಯರಲ್ಲಿ ದೊಡ್ಡದು. ಸಂದರ್ಶನಕ್ಕೆ ಬಂದವನನ್ನು ಊಟಕ್ಕೆ ಕರೆದ ಸಾಹುಕಾರ, ಸೂಪಿನ ರುಚಿ ನೋಡುವ ಮೊದಲೇ ಉಪ್ಪು ಉದುರಿಸಿಕೊಂಡನೆಂದು ಅವನಿಗೆ ಕೆಲಸ ಕೊಡಲಿಲ್ಲ ಎಂಬ ಕಥೆ ವಾಟ್ಸಾಪಿನಲ್ಲಿ ನಿಮಗೂ ಬಂದಿರಬಹುದು. ಒಮ್ಮೆ ಆ ಸಾಹುಕಾರ ಹೆನ್ರಿ ಫೋರ್ಡ್, ಇನ್ನೊಮ್ಮೆ ಥಾಮಸ್ ಎಡಿಸನ್, ಮತ್ತೊಮ್ಮೆ ಜೆ.ಸಿ. ಪೆನ್ನಿ. ಮೂರು ಹೆಸರಲ್ಲಿ ಒಂದೇ ಕಥೆ ಓಡಾಡುತ್ತಿದ್ದರೆ ಅದನ್ನು ಎಷ್ಟು ನಂಬಬೇಕೆಂದು ನೀವೇ ಹೇಳಿ. ಆದರೆ ಆ ಕಥೆಯ ಹಿಂದಿರುವ ನಂಬಿಕೆ ನಿಜದ್ದೇ: ಅಡುಗೆಯವರು ರುಚಿ ನೋಡಿ, ಸರಿಮಾಡಿ, ಮುಗಿಸಿ ಕಳಿಸಿದ್ದಾರೆ, ಅದರ ಮೇಲೆ ಇನ್ನಷ್ಟು ಉಪ್ಪು ಹಾಕಿಕೊಂಡರೆ ಅವರ ತೀರ್ಪನ್ನು ತಿದ್ದಿದಂತೆ.

ಯಾದಗಿರಿ, ಶಹಾಪುರ, ಸುರಪುರದ ಊಟ ಆ ಲೆಕ್ಕಕ್ಕೆ ಸಿಗುವುದಿಲ್ಲ. ಇಲ್ಲಿ ಗಂಗಾಳಕ್ಕೆ ಮೊದಲು ಬರುವುದೇ ಉಪ್ಪು. ಅದರ ಪಕ್ಕ ಶೇಂಗಾ ಹಿಂಡಿ, ಅಗಸಿ ಹಿಂಡಿ ಅಥವಾ ಗುರೆಳ್ಳು ಹಿಂಡಿ, ಅದರ ಮೇಲೊಂದಿಷ್ಟು ಎಣ್ಣೆ, ಕೆಂಪು ಖಾರ, ಉಳ್ಳಾಗಡ್ಡಿ, ಹಸಿ ಮೆಣಸಿನಕಾಯಿ. ಆಮೇಲೆ ರೊಟ್ಟಿ, ಪುಂಡಿಪಲ್ಯ, ಬ್ಯಾಳಿ. ಜೋಳದ ರೊಟ್ಟಿಯ ಹಿಟ್ಟಿಗೆ ಸಾಮಾನ್ಯವಾಗಿ ಉಪ್ಪು ಬೀಳುವುದೇ ಇಲ್ಲ. ಹೊಟ್ಟೆ ತುಂಬಿಸುವ ಮುಖ್ಯ ಪದಾರ್ಥ ಸಪ್ಪಗೇ ಬರುತ್ತದೆ, ಉಣ್ಣುವವನು ಮುರಿದು, ಒತ್ತಿ, ಕಲಸಿ ತನ್ನ ತುತ್ತಿಗೆ ತಾನೇ ರುಚಿ ಕಟ್ಟಿಕೊಳ್ಳುತ್ತಾನೆ. ಒಂದೇ ಹಿಂಡಿಗೆ ಒಬ್ಬರು ಎಣ್ಣೆ, ಇನ್ನೊಬ್ಬರು ಮೊಸರು ಹಾಕಿಕೊಂಡರೆ ಅಡುಗೆ ಮಾಡಿದಾಕೆಯ ಮುಖ ಬಾಡುವುದಿಲ್ಲ.

ಇದು ಬರೀ ರುಚಿಯ ವಿಷಯವಲ್ಲ. ನಮ್ಮ ಹಳೆಯ ಅಡುಗೆಮನೆಗಳಲ್ಲಿ ಅಡುಗೆ ಮಾಡುವವಳು ರುಚಿ ನೋಡುವಂತಿರಲಿಲ್ಲ. ಎಡಿ ಹಿಡಿಯುವ ದಿನ ಮಾಡುವುದು ಮೀಸಲು ಅಡುಗೆ. ದೇವರಿಗಿಂತ ಮೊದಲು ನಾಲಗೆಗೆ ತಾಗಿದರೆ ಎಂಜಲು. ಕೆಲವು ಮನೆಗಳಲ್ಲಿ ವಾಸನೆ ನೋಡಿದರೂ ತಪ್ಪು. ಲಿಂಗಾಯತ ಆಚಾರ ಕಟ್ಟುನಿಟ್ಟಾಗಿದ್ದ ಮನೆಗಳಲ್ಲಿ ದಿನನಿತ್ಯದ ಊಟಕ್ಕೂ ಇದು ಅನ್ವಯ, ಯಾಕೆಂದರೆ ಇಷ್ಟಲಿಂಗಕ್ಕೆ ಅರ್ಪಿಸದ ಪದಾರ್ಥವನ್ನು ಬಾಯಿಗಿಡುವಂತಿಲ್ಲ. ಬ್ರಾಹ್ಮಣರ ಮನೆಗಳಲ್ಲಿ ನೈವೇದ್ಯವಾಗುವ ತನಕ ಅದೇ ಕಟ್ಟು. ಹಾಗಾಗಿ ಉಪ್ಪು ಬೀಳುತ್ತಿದ್ದುದು ಕಣ್ಣಳತೆ, ಕೈಯಳತೆಯ ಮೇಲೆ. ಹದ ತಪ್ಪಿದರೆ ಅದು ಗೊತ್ತಾಗುವುದು ಮೊದಲ ಪಂಗತಿಯಲ್ಲಿ ಕುಳಿತವರಿಗೆ, ಮಾಡಿದವಳಿಗಲ್ಲ. ಆಕೆ ಉಣ್ಣುವುದು ಎಲ್ಲರಿಗಿಂತ ಕೊನೆಗೆ.

ಅಡುಗೆಯವಳ ನಾಲಗೆಗೆ ಬೀಗ ಹಾಕಿದ ಮೇಲೆ ಉಣ್ಣುವವನ ಕೈಗೆ ಉಪ್ಪು ಕೊಡಲೇಬೇಕಲ್ಲ? ಗಂಗಾಳದ ಅಂಚಿನಲ್ಲಿ ಉಪ್ಪು ಕುಳಿತದ್ದು ಹಾಗೆ ಎಂದು ನನ್ನ ಎಣಿಕೆ. ಅಲ್ಲಿ ಉಪ್ಪು ಬೆರೆಸಿಕೊಳ್ಳುವುದು ಅಡುಗೆಗೆ ಮಾಡಿದ ಅವಮಾನವಲ್ಲ, ಅಡುಗೆಯ ಕೊನೆಯ ಹಂತ. ಆ ಹಂತವನ್ನು ಉಣ್ಣುವವನಿಗೆ ಬಿಟ್ಟಿದ್ದಾರೆ ಅಷ್ಟೇ.

ಅರಮನೆಯ ಅಡುಗೆಮನೆ ಮಾತ್ರ ಇದಕ್ಕೆ ತಿರುಗುಮುರುಗು. ಅರಸನ ಅಡುಗೆಯನ್ನು ಗುಪ್ತ ಜಾಗದಲ್ಲಿ, ಮತ್ತೆ ಮತ್ತೆ ರುಚಿ ನೋಡಿಸುತ್ತ ಮಾಡಿಸಬೇಕು ಎನ್ನುತ್ತದೆ ಕೌಟಿಲ್ಯನ ಅರ್ಥಶಾಸ್ತ್ರ. ಆಮೇಲೆ ಬೆಂಕಿಗೆ, ಹಕ್ಕಿಗೆ ಹಾಕಿ ನೋಡಿಯೇ ಅರಸ ಉಣ್ಣಬೇಕು. ಕಾರಣ ವಿಷದ ಭಯ. ಅಲ್ಲಿ ಎಂಜಲಿನ ಮಾತೇ ಇಲ್ಲ. ನಮ್ಮ ಭಾಗವನ್ನು ಆಳಿದ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೇ ಶತಮಾನದಲ್ಲಿ ಬರೆದ ಮಾನಸೋಲ್ಲಾಸದಲ್ಲಿ ಅನ್ನಭೋಗಕ್ಕೆಂದೇ ಒಂದು ಭಾಗವಿದೆ. ಇಂಗಿನ ನೀರು, ಸೈಂಧವ ಲವಣ, ಮೆಣಸು ಯಾವುದಕ್ಕೆ ಬೀಳಬೇಕೆಂದು ಅರಸನೇ ಬರೆದಿಟ್ಟಿದ್ದಾನೆ. ಒಲೆಯ ಮುಂದಿನ ಹೆಣ್ಣುಮಕ್ಕಳು ಬರೆದದ್ದು ನಮಗೆ ಉಳಿದಿಲ್ಲ.

ಉಪ್ಪು ಬಡಿಸುವುದಕ್ಕೂ ಶಾಸ್ತ್ರವಿತ್ತು. ಎಣ್ಣೆ ತುಪ್ಪ, ಉಪ್ಪು, ವ್ಯಂಜನಗಳನ್ನು ಬರಿಗೈಯಿಂದ ನೀಡಿದರೆ ನೀಡಿದವನಿಗೆ ಪುಣ್ಯವಿಲ್ಲ, ಉಂಡವನಿಗೆ ಪಾಪ ಎನ್ನುತ್ತದೆ ವಸಿಷ್ಠ ಧರ್ಮಸೂತ್ರ. ಧರ್ಮಸೂತ್ರದ ಹೆಸರೂ ಕೇಳದ ಮನೆಗಳಲ್ಲಿ ಕೈಯಿಂದ ಕೈಗೆ ಉಪ್ಪು ಕೊಟ್ಟರೆ ಜಗಳವಾಗುತ್ತದೆ ಎನ್ನುತ್ತಾರೆ. ಕೆಳಗಿಡು, ನಾ ತಗೋತೀನಿ ಎನ್ನುವುದನ್ನು ನಮ್ಮ ಯಾವ ಊರಿನಲ್ಲಾದರೂ ಕೇಳಬಹುದು.

ಮುಸ್ಲಿಮರ ದಸ್ತರ್‌ಖಾನಿನ ಶಿಷ್ಟಾಚಾರದಲ್ಲೂ ಉಪ್ಪಿಗೆ ಜಾಗವಿದೆ. ಊಟವನ್ನು ಉಪ್ಪಿನಿಂದ ಶುರುಮಾಡಿ ಉಪ್ಪಿನಿಂದಲೇ ಮುಗಿಸಬೇಕೆಂದು ಇಮಾಮ್ ಗಝಾಲಿ ಊಟದ ನಡವಳಿಕೆಯ ಬಗ್ಗೆ ಬರೆದ ಅಧ್ಯಾಯದಲ್ಲಿ ಹೇಳುತ್ತಾರೆ. ಪ್ರವಾದಿಯವರು ಎಂದೂ ಊಟಕ್ಕೆ ಹೆಸರಿಡುತ್ತಿರಲಿಲ್ಲ, ಇಷ್ಟವಾದರೆ ಉಣ್ಣುತ್ತಿದ್ದರು, ಇಲ್ಲದಿದ್ದರೆ ಬಿಡುತ್ತಿದ್ದರು ಎಂಬ ಹದೀಸು ಬಹಳ ಪ್ರಸಿದ್ಧ. ಶಹಾಪುರ ತಾಲ್ಲೂಕಿನ ಗೋಗಿಯಲ್ಲಿ ಚಂದಾ ಹುಸೇನಿ ದರ್ಗಾ ಇದೆ, ಬಿಜಾಪುರದ ಮೊದಲ ಆದಿಲ್‌ಶಾಹಿ ಸುಲ್ತಾನರ ಗೋರಿಗಳೂ ಅಲ್ಲೇ. ನಮ್ಮ ಸೀಮೆಯ ದರ್ಗಾಗಳಿಗೆ ಹರಕೆ ಹೊತ್ತು ಕಂದೂರಿ ಮಾಡುವವರಲ್ಲಿ ಎಲ್ಲ ಜಾತಿಯವರೂ ಇದ್ದಾರೆ. ಅಲ್ಲೂ ಊಟಕ್ಕೆ ಹೆಸರಿಡುವಂತಿಲ್ಲ. ಮಠದ ದಾಸೋಹದಲ್ಲೂ ಅಷ್ಟೇ: ಬಡಿಸಿದ್ದು ಪ್ರಸಾದ, ಅದಕ್ಕೆ ಉಪ್ಪು ಕಮ್ಮಿ, ಖಾರ ಜಾಸ್ತಿ ಎನ್ನುವುದು ಸಲ್ಲದು. ಆಚಾರವಂತರು ಗಂಗಾಳ ತೊಳೆದ ನೀರನ್ನೂ ಕುಡಿಯುತ್ತಾರೆ. ಹಾಗಾಗಿ ಉಪ್ಪು ನೀಡಿಸಿಕೊಳ್ಳುವವನು ಎಷ್ಟು ಬೇಕೆಂದು ಮೊದಲೇ ಯೋಚಿಸಬೇಕು. ಅಂಚಿನಲ್ಲಿ ಉಳಿದ ಉಪ್ಪೂ ಹೊಟ್ಟೆಗೇ ಹೋಗುತ್ತದೆ.

ಆ ಉಪ್ಪು ಬರುತ್ತಿದ್ದುದಾದರೂ ಎಲ್ಲಿಂದ? ಸಮುದ್ರ ದೂರ. ಸವಳು ಮಣ್ಣಿನಿಂದ ಉಪ್ಪು ತೆಗೆಯುವ ಕಸುಬಿನಿಂದಲೇ ಉಪ್ಪಾರರಿಗೆ ಆ ಹೆಸರು. ಕರಾವಳಿಯ ಉಪ್ಪು ಲಂಬಾಣಿಗರ ಎತ್ತಿನ ಹೇರುಗಳ ಮೇಲೆ ದಖ್ಖನ್ನಿಗೆ ಏರಿ ಬರುತ್ತಿತ್ತು. ಲವಣದಿಂದಲೇ ಲಂಬಾಣಿ ಎಂಬ ಹೆಸರು ಬಂತೆನ್ನುವವರೂ ಇದ್ದಾರೆ. 1871ರಲ್ಲಿ ಮುಂಬೈ ಕಡೆಯಿಂದ ಬಂದ ರೈಲು ಹಳಿ ಯಾದಗಿರಿ ದಾಟಿ ರಾಯಚೂರಿನಲ್ಲಿ ಮದರಾಸಿನ ಹಳಿಯನ್ನು ಕೂಡಿತು. ಅಲ್ಲಿಂದ ಎತ್ತಿನ ಹೇರಿನ ವ್ಯಾಪಾರ ಇಳಿಯಿತು. ನಮ್ಮ ಜಿಲ್ಲೆಯ ತಾಂಡಾಗಳ ಕಥೆ ಬರೆಯುವವರು ಈ ಉಪ್ಪಿನಿಂದಲೇ ಶುರುಮಾಡಬೇಕು. ಅದು ಬೇರೆಯದೇ ಲೇಖನ.

ದೂರದಿಂದ ಬಂದ ಉಪ್ಪಿಗೆ ಋಣದ ಭಾರವೂ ಇತ್ತು. ಉಪ್ಪು ಉಂಡ ಮನೆಗೆ ಎರಡು ಬಗೆಯಬಾರದು ಎಂಬ ಗಾದೆ ಎಲ್ಲರಿಗೂ ಗೊತ್ತು. ನಿಜಾಮರ ಸೀಮೆಯಲ್ಲಿ ಇದೇ ಮಾತು ನಮಕ್ ಹಲಾಲ್, ನಮಕ್ ಹರಾಮ್ ಆಗಿ ಓಡಾಡಿತು. 1841ರಿಂದ 1853ರವರೆಗೆ ಸುರಪುರದಲ್ಲಿ ಆಡಳಿತ ನೋಡಿಕೊಂಡ ಮೆಡೋಸ್ ಟೇಲರ್‌ನನ್ನು ಎಳೆಯ ರಾಜಾ ವೆಂಕಟಪ್ಪ ನಾಯಕ ಅಪ್ಪ ಎಂದೇ ಕರೆಯುತ್ತಿದ್ದ ಎಂದು ಟೇಲರ್ ತನ್ನ ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾನೆ. ಅದೇ ವೆಂಕಟಪ್ಪ ನಾಯಕ 1858ರಲ್ಲಿ ಬ್ರಿಟಿಷರ ವಿರುದ್ಧ ಎದ್ದ. ಆ ದಂಗೆಯಲ್ಲಿ ತಿರುಗಿಬಿದ್ದ ಸಿಪಾಯಿಗಳನ್ನೆಲ್ಲ ನಮಕ್ ಹರಾಮ್ ಎಂದು ಜರಿದರು. ಯಾರ ನೆಲದ ಉಪ್ಪನ್ನು ಯಾರು ಉಂಡಿದ್ದರು ಎಂದು ಆಗ ಕೇಳಿದವರು ಕಡಿಮೆ.

ಈ ಋಣ ಅತಿ ಹೆಚ್ಚು ಬಿದ್ದದ್ದು ಜೀತದಾಳುಗಳ ಮೇಲೆ. ಗೌಡರ, ಸಾಹುಕಾರರ ಮನೆಯಲ್ಲಿ ದುಡಿದವನಿಗೆ ಉಣ್ಣಲು ಕೊಟ್ಟದ್ದೂ ಕೂಲಿಯ ಲೆಕ್ಕವೇ. ಆದರೆ ನಮ್ಮ ಉಪ್ಪು ಉಂಡವನು ಎಂಬ ಮಾತು ಅದನ್ನು ಉಪಕಾರವಾಗಿ ಬದಲಿಸಿತು. 1976ರಲ್ಲಿ ಕಾನೂನು ಜೀತವನ್ನು ತೆಗೆದುಹಾಕಿತು. ಅಲ್ಲಿಯತನಕ, ಎಷ್ಟೋ ಕಡೆ ಆಮೇಲೂ, ದಲಿತ ಆಳಿಗೆ ಅಡ್ಡಣಿಗೆ, ಗಂಗಾಳ ಇರಲಿಲ್ಲ. ಅಂಗಳದ ಹೊರಗೆ ನಿಂತು ಟವೆಲ್ಲಿಗೋ ಬೊಗಸೆಗೋ ಮೇಲಿನಿಂದ ಬಿದ್ದದ್ದನ್ನು ಹಿಡಿಯಬೇಕು. ಗಂಗಾಳವಿಲ್ಲದವನಿಗೆ ಅಂಚೆಲ್ಲಿ, ಅಂಚಿನಲ್ಲಿ ಉಪ್ಪೆಲ್ಲಿ? ಬ್ಯಾಳಿ ಸಪ್ಪಗ ಆಗ್ಯಾದ, ಒಂದೀಟು ಉಪ್ಪ ನೀಡವ್ವ ಎಂದು ಪಡಸಾಲೆಯಲ್ಲಿ ಕುಳಿತ ಬೀಗರು ಹೇಳಿದರೆ ಅದು ಸಲಿಗೆ. ಅದೇ ಮಾತು ಹೊರಗೆ ನಿಂತವನ ಬಾಯಿಂದ ಬಂದರೆ ಸೊಕ್ಕು. ಇಂಗ್ಲೆಂಡಿನ ಜಮೀನ್ದಾರರ ಉದ್ದನೆಯ ಮೇಜಿನಲ್ಲೂ ಉಪ್ಪಿನ ಬಟ್ಟಲಿನಿಂದ ಮೇಲೆ ಕೂರುವವರು, ಕೆಳಗೆ ಕೂರುವವರು ಎಂಬ ಭೇದವಿತ್ತು. ಆದರೂ ಅವರೆಲ್ಲ ಒಂದೇ ಮೇಜಿಗೆ ಕೂರುತ್ತಿದ್ದರು.

ಮನೆಯೊಳಗೆ ಉಪ್ಪು ಕೇಳಲಾಗದವಳು ಇನ್ನೊಬ್ಬಳಿದ್ದಳು, ಅಡುಗೆ ಮಾಡಿದಾಕೆ. ಉಪ್ಪು ಅಂಚಿನಲ್ಲಿದ್ದರೂ ಬೆರೆಸಿಕೊಳ್ಳುವಷ್ಟು ತಾಳ್ಮೆ ಎಲ್ಲ ಗಂಡಸರಿಗೂ ಇರಲಿಲ್ಲ. ರುಚಿ ನೋಡಬೇಡ ಎಂದವರೇ ರುಚಿ ತಪ್ಪಿದರೆ ಗಂಗಾಳ ಎಸೆದರು. ಇದನ್ನು ಹಳೆಯ ಕಾಲದ ಮಾತೆಂದು ತಳ್ಳಿಹಾಕುವಂತಿಲ್ಲ. ಹೆಂಡತಿಯನ್ನು ಹೊಡೆಯುವುದು ಯಾವ ಕಾರಣಕ್ಕೆ ಸರಿ ಎಂದು ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಗಂಡಸರನ್ನೂ ಹೆಂಗಸರನ್ನೂ ಕೇಳುವಾಗ ಮುಂದಿಡುವ ಕಾರಣಗಳಲ್ಲಿ ಅಡುಗೆ ಸರಿಯಾಗಿ ಮಾಡದಿರುವುದೂ ಒಂದು. ದೇಶದ ಸಮೀಕ್ಷೆಯೇ ಹಾಗೆ ಕೇಳಬೇಕಾಗಿದೆ ಎಂದರೆ ಆ ಗಂಗಾಳ ಇನ್ನೂ ಹಾರುತ್ತಿದೆ ಎಂದೇ ಅರ್ಥ.

ಈಗ ಊರಿನ ಶಾಲೆಗೆ ಬನ್ನಿ. 2002ರಲ್ಲಿ ಅಕ್ಷರ ದಾಸೋಹ ರಾಜ್ಯದಲ್ಲಿ ಮೊದಲು ಶುರುವಾದದ್ದು ಈಶಾನ್ಯದ ಜಿಲ್ಲೆಗಳಲ್ಲಿ. ಯಾದಗಿರಿ ಆಗಿನ್ನೂ ಗುಲಬರ್ಗಾ ಜಿಲ್ಲೆಯೊಳಗಿತ್ತು. 2013ರಲ್ಲಿ ಬಿಹಾರದ ಶಾಲೆಯೊಂದರಲ್ಲಿ ಬಿಸಿಯೂಟ ಉಂಡು ಮಕ್ಕಳು ಸತ್ತ ಮೇಲೆ, ಮಕ್ಕಳಿಗೆ ಬಡಿಸುವ ಮೊದಲು ದೊಡ್ಡವರು ಉಂಡು ನೋಡಬೇಕೆಂಬ ನಿಯಮವನ್ನು ದೇಶದ ತುಂಬ ಬಿಗಿಮಾಡಿದರು. ಒಬ್ಬ ಶಿಕ್ಷಕರು ಅದರಲ್ಲಿ ಇರಲೇಬೇಕು. ರುಚಿ ನೋಡಿದವರು ವಹಿಯಲ್ಲಿ ಬರೆದು ಸಹಿ ಹಾಕಬೇಕು. ಕೌಟಿಲ್ಯನ ಅರಸನಿಗಿದ್ದ ಏರ್ಪಾಟು ಕೂಲಿಕಾರರ ಮಕ್ಕಳಿಗೆ ಬಂದದ್ದು ಹೀಗೆ, ಕಾರಣವೂ ವಿಷದ ಭಯವೇ. ಮಕ್ಕಳ ತಟ್ಟೆಯ ಅಂಚಿಗೆ ಮಾತ್ರ ಉಪ್ಪು ಬರುವುದಿಲ್ಲ. ಹದ ತಪ್ಪದ ಹಾಗೆ ಒಲೆಯ ಮೇಲೇ ನೋಡಿಕೊಳ್ಳಬೇಕು.

ಶಾಲೆಯ ಒಲೆಯ ಮುಂದಿರುವವರೂ ಬಹುಪಾಲು ಊರಿನ ಹೆಣ್ಣುಮಕ್ಕಳೇ. ಮಧ್ಯಾಹ್ನ ಅಲ್ಲಿ ಸಾರಿನ ಉಪ್ಪು ನಾಲಗೆಗಿಟ್ಟು ನೋಡುವುದು ಅವರ ಕೆಲಸದ ಭಾಗ. ಅಮವಾಸ್ಯೆಯ ದಿನ ಅದೇ ಕೈ ಮನೆಯಲ್ಲಿ ಎಡಿಯ ಅಡುಗೆಗೆ ಇಳಿದಾಗ ಬ್ಯಾಳಿಗೆ ಉಪ್ಪು ಬೀಳುವುದು ಈಗಲೂ ಕಣ್ಣಳತೆಯಲ್ಲೇ.